ಜಿಲ್ಲೆಯಲ್ಲಿ ಮಲ್ಟಿಸ್ಪೆಷಾಲಿಟಿ ಆದದ್ದು ರೋಗಾಣು ಮಾತ್ರ

ಉತ್ತರ ಕನ್ನಡಕ್ಕೊಂದು ಮಲ್ಟಿಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಕೇಳಿ ಕೇಳಿ ಜನರ ಗಂಟಲು ಬತ್ತಿದೆ. 2022ರಲ್ಲಂತೂ ಯಾರ ಮೊಬೈಲ್ ತೆರೆದರೂ ಅದೇ ಕೂಗು. ಹುಬ್ಬಳ್ಳಿ–ಅಂಕೋಲಾ ರೈಲು ಮಂಜೂರಾಗಿ ಕಾಲು ಶತಮಾನ ದಾಟಿತು, ಹಳಿ ಇನ್ನೂ ಘಟ್ಟ ಇಳಿದಿಲ್ಲ. ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ತಾನೇ ನದಿಗೆ ಇಳಿಯಿತು. ಇಂಥ ಜಿಲ್ಲೆಯಲ್ಲಿ ಸಾರಿಗೆ–ಸಂಪರ್ಕ ಅಂತ ಸುಸೂತ್ರವಾಗಿ ನಡೆದಿರುವುದು ನಮ್ಮ ಕರುಳಿನೊಳಗಿನ ಬ್ಯಾಕ್ಟೀರಿಯಾಗಳದ್ದು.

ಅವಕ್ಕೆ ಟೆಂಡರ್ ಬೇಡ, ಅರಣ್ಯ ಇಲಾಖೆಯ ಒಪ್ಪಿಗೆ ಬೇಡ. ಪಕ್ಕದವನತ್ತ ಸಣ್ಣ ನಳಿಕೆ ಚಾಚಿ, ಹತ್ತಿರ ಎಳೆದುಕೊಂಡು, ಪ್ಲಾಸ್ಮಿಡ್ ಎಂಬ ಉಂಗುರದಾಕಾರದ ಡಿಎನ್‌ಎಯ ನಕಲನ್ನು ದಾಟಿಸಿಬಿಡುತ್ತವೆ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಕ್ಕೆ, ಅಂದರೆ ಆಂಟಿಬಯೋಟಿಕ್‌ಗೆ, ಬಗ್ಗದಿರುವ ವಿದ್ಯೆ ಇರುವುದು ಅದರಲ್ಲಿ. ಜಾತಿ–ಗೋತ್ರವನ್ನೂ ಕೇಳುವುದಿಲ್ಲ, ಸಾಧು ಸ್ವಭಾವದ ಇ. ಕೋಲಿ ಕೂಡ ಆಮಶಂಕೆ ತರುವ ಶಿಗೆಲ್ಲಾಕ್ಕೆ ಧಾರೆ ಎರೆದೀತು. 1950ರ ದಶಕದಲ್ಲಿ ಜಪಾನಿನವರು ಬೆಚ್ಚಿದ್ದು ಇದಕ್ಕೇ: ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಎಂಬ ನಾಲ್ಕೂ ಮದ್ದುಗಳನ್ನು ಸೋಲಿಸುವ ಗುಣ ಒಂದೇ ಗಂಟಾಗಿ ಸಾಗುತ್ತಿತ್ತು. ಗಂಟಿನ ಲಾಭ ನೋಡಿ. ನೀವು ನುಂಗಿದ್ದು ಒಂದೇ ಮದ್ದು. ಗಂಟು ಇಲ್ಲದವು ಸಾಯುತ್ತವೆ, ಇದ್ದವು ಸಂಸಾರ ಬೆಳೆಸುತ್ತವೆ. ನೀವು ಮುಟ್ಟಿಯೂ ನೋಡದ ಉಳಿದ ಮೂರು ಮದ್ದೂ ಅವುಗಳ ಮುಂದೆ ಪುಕ್ಕಟೆ ನಿಷ್ಪ್ರಯೋಜಕ!

ಈ ಸೇವೆಗೆ ಪ್ರಾಯೋಜಕರು ನಾವೇ. ಕುಮಟಾ ಇರಲಿ, ಶಿರಸಿ ಇರಲಿ, ಮೆಡಿಕಲ್ ಅಂಗಡಿಯ ಮುಂದೆ ಸುಮ್ಮನೆ ನಿಂತು ಕೇಳಿ.

‘ಅಣ್ಣಾ, ಆ ಐನೂರರ ಗುಳಿಗೆ ಎರಡು ಕೊಡಿ.’

‘ಜ್ವರವಾ?’

‘ಜ್ವರ ಎಂತದೂ ಇಲ್ಲ ಮಾರಾಯ್ರೇ. ನಾಡಿದ್ದು ಯಲ್ಲಾಪುರದಲ್ಲಿ ಮದುವೆ. ಅಷ್ಟರೊಳಗೆ ಬಂದರೆ ಅಂತ.’

‘ಎರಡು ಸಾಕಾ?’

‘ಸಾಕು. ಒಂದು ಉಳಿದರೆ ಅತ್ತೆಯ ಮಂಡಿನೋವಿಗಾಯ್ತು. ಕೆಂಪು ಗೆರೆ ಇದ್ದದ್ದೇ ಕೊಡಿ, ಅದರ ಪವರ್ ಬೇರೆ.’

ಇಂಥ ಆಂಟಿಬಯೋಟಿಕ್ ಗುಳಿಗೆಯನ್ನು ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ ಎಂದು ಎಳೆದ ಗೆರೆ ಅದು. ಕತ್ತರಿ ಕಚಕ್ಕೆನ್ನುತ್ತದೆ, ಗುಳಿಗೆ ಗಿರಾಕಿಯ ಜೇಬಿಗೆ, ಗುಳಿಗೆಯ ಹೆಸರು ಮತ್ತು ತಾರೀಖು ಅಂಗಡಿಯ ಡಬ್ಬಿಗೆ. 2014ರ ಮಾರ್ಚ್‌ನಿಂದ ಷೆಡ್ಯೂಲ್ ಎಚ್–1 ಎಂಬ ನಿಯಮವೂ ಇದೆ. ಪಟ್ಟಿಯಲ್ಲಿರುವ ಆಂಟಿಬಯೋಟಿಕ್ ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ಪುಸ್ತಕವೇನೋ ಇದೆ, ಫ್ಯಾನಿನ ಗಾಳಿಗೆ ಬಿಲ್ಲು ಹಾರದಂತೆ ಭಾರಕ್ಕೆ.

ನಾವು ಈ ವಿಷಯಕ್ಕೆ ನಿಜವಾಗಿ ಸಿಟ್ಟಾಗಿದ್ದು ಒಮ್ಮೆ. 2010ರಲ್ಲಿ, ಕೊನೆಯ ಅಸ್ತ್ರವೆನಿಸಿದ ಕಾರ್ಬಪೆನೆಮ್ ಔಷಧಗಳನ್ನೇ ಒಡೆದುಹಾಕುವ ಕಿಣ್ವವೊಂದು ಸುದ್ದಿಯಾಯಿತು. ಅದರ ಜೀನೂ ಪ್ಲಾಸ್ಮಿಡ್ ಸವಾರಿಯದೇ. ಹೆಸರಿನಲ್ಲಿ ‘ನ್ಯೂ ಡೆಲ್ಲಿ’ ಇತ್ತು. ದೇಶದ ಮಾನ ಹೋಯಿತೆಂದು ದೊಡ್ಡ ಗದ್ದಲ! ಮರುವರ್ಷ ದಿಲ್ಲಿಯ ನಲ್ಲಿ ನೀರಿನ ಮಾದರಿಗಳಲ್ಲೂ ಆ ಜೀನ್ ಸಿಕ್ಕಿತು. ಆಗಲೂ ಹೆಸರಿನದೇ ಚಿಂತೆ, ನೀರಿನದ್ದಲ್ಲ.

ಮುಂದಿನ ಸಲ ಅಂಥದ್ದೊಂದು ಇಲ್ಲೇ ಹುಟ್ಟಿ ಕಾರವಾರದ ಹೆಸರು ಬಿತ್ತೆನ್ನಿ. ಕರಾವಳಿಯವರು ಖಂಡನಾ ಸಭೆ ಕರೆದಾರು. ಶಿರಸಿಯವರು ಮಾತ್ರ ತಕ್ಷಣ ಮನವಿ ಕೊಟ್ಟಾರು: ಘಟ್ಟದ ಮೇಲಿನ ರೋಗಾಣುವಿಗೆ ಪ್ರತ್ಯೇಕ ಹೆಸರು ಬೇಕು, ಜಿಲ್ಲೆಯನ್ನಂತೂ ಇನ್ನೂ ಪ್ರತ್ಯೇಕ ಮಾಡಿಕೊಟ್ಟಿಲ್ಲ.