ಹಾಸನಕ್ಕೆ ತಲುಪಿದ ಸಾವಿನ ಸುದ್ದಿ

ಹಾರ್ಡ್‌ಕೋರ್ ಪಂಕ್, ಅಂದರೆ ಕಿರುಚಿ ಹಾಡುವ ಅತಿವೇಗದ ರಾಕ್ ಸಂಗೀತ, ಸತ್ತುಹೋಗಿದೆ ಅನ್ನುವ ಸುದ್ದಿ ಕೊನೆಗೂ ಹಾಸನಕ್ಕೆ ಬಂದು ತಲುಪಿದೆ. ಅದು ಹುಟ್ಟಿದ ಸುದ್ದಿಯೇ ನಮಗಿನ್ನೂ ಬಂದಿರಲಿಲ್ಲ. ಇರಲಿ, ನಾಮಕರಣಕ್ಕೆ ಹೋಗದಿದ್ದರೂ ನಡೆಯುತ್ತದೆ, ಮಣ್ಣಿಗೆ ಹೋಗಲೇಬೇಕಲ್ವಾ?

ಸುದ್ದಿ ತಂದವನು ನಮ್ಮ ಬೀದಿಯ ಹುಡುಗ. ವಾರವೆಲ್ಲ ಬೆಂಗಳೂರಿನಲ್ಲಿ ಸಾಫ್ಟ್‌ವೇರ್, ಶನಿವಾರ ಭಾನುವಾರ ಹಾಸನದಲ್ಲಿ ಸಂಗೀತ ವಿಮರ್ಶೆ. ಎನ್.ಆರ್. ವೃತ್ತದ ಹತ್ತಿರ ಟೀ ಅಂಗಡಿ ಮುಂದೆ ನಿಂತು, "ನಲವತ್ತು ವರ್ಷದಿಂದ ಗಿಟಾರಿನ ಅದೇ ಮೂರು ಕಾರ್ಡ್, ಅದೇ ಕಿರುಚಾಟ. ನಿಂತ ನೀರಾಗಿದೆ ಅಣ್ಣಾ" ಅಂದ. ಎದೆ ಮೇಲೆ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡಿನ ಟೀ ಶರ್ಟ್. ಅದರಲ್ಲಿ ಒಂದು ಮೇಲೆ, ಒಂದು ಕೆಳಗೆ ಅಂತ ನಿಂತ ನಾಲ್ಕು ಕಪ್ಪು ಪಟ್ಟಿ. ಟೀ ಸೋಸುತ್ತಿದ್ದ ಅಂಗಡಿಯವನು ಅದನ್ನೇ ನೋಡಿ, "ಏನ್ ತಮ್ಮಾ, ನಿಂಗೆ ಟವರ್ ಫುಲ್ಲು. ನಮ್ಗೆ ಎರಡು ಕಡ್ಡಿ ದಾಟಲ್ಲ" ಅಂದ.

ಹುಡುಗ ಸಾಕ್ಷಿಗೆ ಫೋನಿನಲ್ಲಿ ಒಂದು ಹಾಡು ಹಾಕಿದ. ವಾಷಿಂಗ್ಟನ್ನಿನ ಮೈನರ್ ಥ್ರೆಟ್ ಬ್ಯಾಂಡ್ 1981ರಲ್ಲಿ ತಂದ 'ಸ್ಟ್ರೈಟ್ ಎಡ್ಜ್'. ಉದ್ದ 46 ಸೆಕೆಂಡ್. ಅಂಗಡಿಯವನು ಸಕ್ಕರೆ ಕಲಕಿ ತಲೆ ಎತ್ತುವಷ್ಟರಲ್ಲಿ ಮುಗಿದಿತ್ತು. "ಹಾಡು ಶುರುವಾಗೋ ಮುಂಚೆ ಕಟ್ಟಾಯ್ತಲ್ಲೋ, ಡೇಟಾ ಖಾಲಿನಾ?"

ಆ ಹಾಡಿನ ಸಾರ ಇಷ್ಟೇ: ಅಮಲಿನ ಸಹವಾಸ ನನಗೆ ಬೇಡ, ಮಾಡೋದಕ್ಕೆ ಬೇರೆ ಕೆಲಸ ಇದೆ. ಇದನ್ನು ಕೇಳಿ ಅಮೆರಿಕದಲ್ಲಿ ಕುಡಿಯದ, ಸೇದದ ಹುಡುಗರ ಒಂದು ಪಂಥವೇ ಹುಟ್ಟಿತು. ನಮ್ಮ ಕಡೆ ಹೆಣ್ಣು ಹೆತ್ತವರಿಗೆ ಈ ವಿಷಯ ಮೊದಲೇ ಗೊತ್ತಿದ್ದರೆ ಜಾತಕ ಹಿಡಿದು ವಾಷಿಂಗ್ಟನ್ ಬಸ್ ಹತ್ತುತ್ತಿದ್ದರು. ನಮ್ಮ ವಿಮರ್ಶಕ ಮಾತ್ರ ಇದನ್ನೆಲ್ಲ ವಿವರಿಸಿದ್ದು ಸಿಗರೇಟಿನ ಹೊಗೆ ಬಿಡುತ್ತಾ.

ಸರಿ, ನಿಂತ ನೀರು ಅಂತೀಯಲ್ಲ, ಯಾರೂ ಏನೂ ಬದಲಾಯಿಸಲೇ ಇಲ್ವಾ ಅಂತ ಕೇಳಿ, ಒಂದೊಂದೇ ಹೆಸರು ಮುಂದಿಟ್ಟೆ. 1984ರಲ್ಲಿ ಇದೇ ಬ್ಲ್ಯಾಕ್ ಫ್ಲ್ಯಾಗ್ 'ಮೈ ವಾರ್' ಅನ್ನುವ ಆಲ್ಬಂನ ಎರಡನೇ ಬದಿಗೆ ಬರೀ ಮೂರು ಹಾಡು ಹಾಕಿತು. ಒಂದೊಂದೂ ಆರು ನಿಮಿಷ ದಾಟುತ್ತದೆ, ಎಲ್ಲವೂ ತೆವಳಿಕೊಂಡು ಹೋಗುವ ನಿಧಾನ. "ಅದು ಹಾರ್ಡ್‌ಕೋರೇ ಅಲ್ಲ ಅಣ್ಣಾ." ಅದೇ ವರ್ಷ ಹಸ್ಕರ್ ಡೂ ಬ್ಯಾಂಡಿನವರು ಎರಡು ಎಲ್‌ಪಿ ತುಂಬ ಕಥೆ ಹೇಳಿದರು. "ಅದೂ ಅಲ್ಲ." ಬ್ಯಾಡ್ ಬ್ರೈನ್ಸ್ ಬ್ಯಾಂಡಿನವರು ಒಂದು ಹಾಡಲ್ಲಿ ಗುಡುಗಿ ಮುಂದಿನದರಲ್ಲಿ ಆರಾಮಾಗಿ ಜಮೈಕಾದ ರೆಗ್ಗೆ ಸಂಗೀತ ನುಡಿಸುತ್ತಿದ್ದರು. "ಆ ರೆಗ್ಗೆ ಬಿಟ್ಟು ಕೇಳಬೇಕು." 2021ರಲ್ಲಿ ಬಾಲ್ಟಿಮೋರಿನ ಟರ್ನ್‌ಸ್ಟೈಲ್ 'ಗ್ಲೋ ಆನ್' ಆಲ್ಬಂ ತಂದು, ಕುಣಿಯೋ ತಾಳ, ಕೀಬೋರ್ಡು ಎಲ್ಲ ಸೇರಿಸಿ, ಗ್ರ್ಯಾಮಿ ನಾಮನಿರ್ದೇಶನದ ತನಕ ಹೋಯಿತು. ಹುಡುಗ ಮುಖವನ್ನೇ ತಿರುಗಿಸಿಬಿಟ್ಟ.

ಲೆಕ್ಕ ನೋಡಿ ಹೇಗಿದೆ. ಬದಲಾದವರನ್ನೆಲ್ಲ ಪಟ್ಟಿಯಿಂದ ಹೊಡೆದು ಹಾಕೋದು. ಆಮೇಲೆ ಉಳಿದವರನ್ನು ನೋಡಿ, ಅಯ್ಯೋ ಒಬ್ಬರೂ ಬದಲಾಗಿಲ್ಲ ಅಂತ ಎದೆ ಬಡಿದುಕೊಳ್ಳೋದು.

ನಮ್ಮ ಹಾಸನಾಂಬೆಯ ಗರ್ಭಗುಡಿ ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ತೆರೆಯುತ್ತದೆ. ಹೋದ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಹೂವು ಬಾಡಿರುವುದಿಲ್ಲ, ನೈವೇದ್ಯ ಹಳಸಿರುವುದಿಲ್ಲ ಅಂತ ಜನರ ನಂಬಿಕೆ. ನಮ್ಮ ಹುಡುಗನ ಭಕ್ತಿಯೂ ಇದೇ ಜಾತಿಯದು. 1982ರಲ್ಲಿ ಬಾಗಿಲು ಹಾಕಿಕೊಂಡು ಹೋಗಿದ್ದಾನೆ, ತೆಗೆದಾಗ ಎಲ್ಲ ಹಾಗೇ ಇರಬೇಕು. ವ್ಯತ್ಯಾಸ ಒಂದೇ. ದೇವಸ್ಥಾನದಲ್ಲಿ ದೀಪ ಉರಿಯುತ್ತಿದ್ದರೆ ಜನ ಕೈ ಮುಗಿಯುತ್ತಾರೆ. ಇವನು "ಅಯ್ಯೋ, ಹಳೇ ದೀಪ" ಅನ್ನುತ್ತಾನೆ.

ಇನ್ನೊಂದು ಮಾತು. ಭುವನಹಳ್ಳಿಯ ವಿಮಾನ ನಿಲ್ದಾಣದ ಮಾತನ್ನು ಇವನಿಗೆ ಮೀಸೆ ಬರುವ ಮೊದಲಿನಿಂದ ಊರು ಕೇಳುತ್ತಿದೆ. ಅದಕ್ಕೆ ನಿಂತ ನೀರು ಅನ್ನುವ ಹಾಗಿಲ್ಲ, ಪ್ರಗತಿಯಲ್ಲಿದೆ ಅನ್ನಬೇಕು. 46 ಸೆಕೆಂಡಿನಲ್ಲಿ ಶುರುವಾಗಿ ಮುಗಿದೂ ಹೋಗುವ ಹಾಡು ಮಾತ್ರ ಸ್ಥಗಿತ!

ಹಾಗೆ ನೋಡಿದರೆ ಈ ಸಂಗೀತ ಹೇಳಿ ಮಾಡಿಸಿದ್ದೇ ನಮ್ಮೂರಿಗೆ. ರಾತ್ರಿ 10ರ ಮೇಲೆ ಮೈಕ್ ಹಾಕುವಂತಿಲ್ಲ ಅನ್ನೋದು ನಿಯಮ, ಗಣಪತಿ ಬಿಡುವ ದಿನ ಪೊಲೀಸರಿಗೂ ಡಿಜೆ ಹುಡುಗರಿಗೂ ಇದೇ ಜಗಳ. ಹಾರ್ಡ್‌ಕೋರಿನ ಬೇರಿನಿಂದಲೇ ಚಿಗುರಿದ ಇಂಗ್ಲೆಂಡಿನ ನೇಪಾಮ್ ಡೆತ್ ಬ್ಯಾಂಡ್ 1987ರಲ್ಲಿ ಒಂದೂಕಾಲು ಸೆಕೆಂಡ್ ಚಿಲ್ಲರೆಯ ಹಾಡು ಮಾಡಿ ಗಿನ್ನೆಸ್ ದಾಖಲೆಗೆ ಸೇರಿತು. 9 ಗಂಟೆ 59 ನಿಮಿಷಕ್ಕೆ ಶುರು ಮಾಡಿದರೂ ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿಯುವ ಮೊದಲು ಕಛೇರಿ ಮುಗಿಸಿ ಮಂಗಳಾರತಿ ಎತ್ತಬಹುದು.

ಮಾಶ್ ಪಿಟ್ಟಿನ, ಅಂದರೆ ವೇದಿಕೆ ಮುಂದೆ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುವ ಜಾಗದ, ನೂಕಾಟಕ್ಕೂ ತರಬೇತಿ ಬೇಕಿಲ್ಲ, ಹಾಸನಾಂಬೆ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಬಂದವರಿದ್ದಾರೆ. ಟಿಕೆಟ್ ವಿಷಯದಲ್ಲಿ ಮಾತ್ರ ಸ್ವಲ್ಪ ತಿದ್ದುಪಡಿ ಆಗಬೇಕು. ಮೈನರ್ ಥ್ರೆಟ್‌ನ ಇಯಾನ್ ಮೆಕೆ ಮುಂದೆ ಫುಗಾಜಿ ಅನ್ನುವ ಬ್ಯಾಂಡ್ ಕಟ್ಟಿ, ಟಿಕೆಟ್ ದರ ಆದಷ್ಟು 5 ಡಾಲರ್ ಆಸುಪಾಸಿನಲ್ಲೇ ಇರಲಿ ಅಂತ ಹಠ ಹಿಡಿದವನು. ಪಾಪ, ಅವನಿಗೆ ವಿಶೇಷ ದರ್ಶನದ ವ್ಯವಸ್ಥೆ ಗೊತ್ತಿರಲಿಲ್ಲ. ನಮ್ಮಲ್ಲಿ 1000 ರೂಪಾಯಿ ಟಿಕೆಟ್‌ನವರು ಈ ಸಂಗೀತದ ಪದ್ಧತಿಯಂತೆ ವೇದಿಕೆ ಮೇಲಿಂದ ಜನರ ಮೇಲೆ ಹಾರಬಹುದು. 300 ರೂಪಾಯಿಯವರು ಅವರನ್ನು ಹಿಡಿದುಕೊಳ್ಳಬೇಕು. ಧರ್ಮದರ್ಶನದವರು ಹೊರಗೆ ಚಪ್ಪಲಿ ಕಾಯುತ್ತಾ ಕಿರುಚಿದರೆ ಸಾಕು, ಅವರಿಗೆ ಮೈಕಿನ ಅಗತ್ಯವೂ ಇರುವುದಿಲ್ಲ.