ಹೊಳೆ ದಂಡೆಯ ಬುತ್ತಿ

ಸಂಕ್ರಾಂತಿಯ ದಿನ ನಮ್ಮ ಬಾಗಲಕೋಟೆ ಸೀಮೆಯಲ್ಲಿ ಮನೆಯೊಳಗೆ ಕುಳಿತು ಉಣ್ಣುವುದು ಹಬ್ಬವೆನಿಸುವುದಿಲ್ಲ. ಎಳ್ಳು ಅರೆದು ಮೈಗೆ ಹಚ್ಚಿಕೊಂಡು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿಗಳ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಲೇಬೇಕು. ನಮ್ಮ ಮನೆಯವರು ತಪ್ಪದೆ ಹೋಗುವುದು ಪಟ್ಟದಕಲ್ಲಿನ ಮಲಪ್ರಭೆಗೆ. ಅಲ್ಲಿ ನದಿ ಉತ್ತರಕ್ಕೆ ಮುಖ ಮಾಡಿ ಹರಿಯುವುದರಿಂದ ಸ್ನಾನಕ್ಕೆ ಹೆಚ್ಚಿನ ಪುಣ್ಯವಂತೆ. ನನಗಂತೂ ಸ್ನಾನದ ನಂತರದ ಹಸಿವೇ ದೊಡ್ಡ ಫಲ.

ಅಷ್ಟು ಹೊತ್ತು ದಂಡೆಯಲ್ಲಿ ಕುಳಿತರೆ ಹೊಳೆ ಎಲ್ಲಿಂದ ಏನು ಹೊತ್ತು ತಂದಿದೆ ಎಂಬುದು ಕಾಲಿಗೇ ತಿಳಿಯುತ್ತದೆ. ನೀರಿನ ಅಂಚಿನಲ್ಲಿ ಪಾದವಿಟ್ಟರೆ ಮೊದಲು ಕಪ್ಪು ಕೆಸರು ಬೆರಳುಗಳ ಸಂದಿಯಿಂದ ಬೆಣ್ಣೆಯಂತೆ ಮೇಲೇಳುತ್ತದೆ. ಅದರ ಕೆಳಗೆ ಒರಟಾದ, ತುಸು ಕೆಂಪೇರಿದ ಮರಳು ಅಂಗಾಲಿಗೆ ತಾಕುತ್ತದೆ. ಮರಳು ಈ ಬಾದಾಮಿ ಗುಡ್ಡಗಳದ್ದೇ, ಎದುರಿನ ಗುಡಿಗಳನ್ನು ಕಟ್ಟಿದ ಮರಳುಗಲ್ಲಿನ ಪುಡಿ. ಕೆಸರು ಮಾತ್ರ ಪರವೂರಿನದು. ನವಲಗುಂದದ ಕಡೆಯ ಎರೆ ಹೊಲಗಳನ್ನು ಮಳೆಗಾಲದಲ್ಲಿ ತೊಳೆದುಕೊಂಡು ಬರುವ ಬೆಣ್ಣಿಹಳ್ಳ ಅದನ್ನು ಮಲಪ್ರಭೆಗೆ ಒಪ್ಪಿಸುತ್ತದೆ. ಹೆಸರು ಬೆಣ್ಣಿಯಾದರೂ ಉಕ್ಕಿ ಬಂದಾಗ ಅದರಷ್ಟು ಒರಟು ಹಳ್ಳ ಮತ್ತೊಂದಿಲ್ಲ.

ನದಿ ಹುಟ್ಟುವುದು ಇಲ್ಲಿಂದ ಬಹು ದೂರ, ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 792 ಮೀಟರ್ ಎತ್ತರದ ಕಾಡಿನಲ್ಲಿ. ಅದೇ ಘಟ್ಟದ ಆಚೆ ಬದಿಗೆ ಬಿದ್ದ ಮಳೆ ಮಹದಾಯಿಯಾಗಿ ಗೋವೆಯ ಕಡಲು ಸೇರುತ್ತದೆ; ಈಚೆಗೆ ಬಿದ್ದದ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯವರೆಗೆ ನಡೆಯುತ್ತದೆ. ಸಮುದ್ರ ಅಷ್ಟು ಹತ್ತಿರವಿದ್ದರೂ ಬೆನ್ನು ತಿರುಗಿಸಿ ನಮ್ಮ ಬಿಸಿಲ ನಾಡಿಗೆ ಬರುವ ಈ ಹೊಳೆಯ ಮೇಲೆ ನನಗೆ ಮೊದಲಿನಿಂದಲೂ ಪಕ್ಷಪಾತ. ಆದರೆ ಖಾನಾಪುರದ ಕೆಂಪು ನೀರು ಈಗ ಅದೇ ಬಣ್ಣದಲ್ಲಿ ಇಲ್ಲಿಗೆ ತಲುಪುವುದಿಲ್ಲ. ನವಿಲುತೀರ್ಥದಲ್ಲಿ ಹೊಳೆ ಗುಡ್ಡ ಸೀಳಿದ ಇಕ್ಕಟ್ಟಿನಲ್ಲೇ ಆಣೆಕಟ್ಟು ನಿಂತಿದೆ. ಮಣ್ಣು ಅಲ್ಲಿ ಕೂರುತ್ತದೆ, ಜನವರಿಯ ನಮ್ಮ ಸ್ನಾನ ಗೇಟಿನ ದಯೆಯನ್ನು ಕಾಯುತ್ತದೆ. ಒಂದು ವರ್ಷ ಮೊಣಕಾಲು ಮುಳುಗುವಷ್ಟೂ ನೀರಿಲ್ಲದೆ ತಂಬಿಗೆಯಲ್ಲಿ ಮೊಗೆದು ಸುರಿದುಕೊಂಡೆವು. ಬುತ್ತಿಯ ರುಚಿಯೇನೂ ಕಡಿಮೆಯಾಗಲಿಲ್ಲ.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗಳನ್ನು ನೋಡಲು ದೂರದಿಂದ ಬರುವವರು ಹೊಳೆಯತ್ತ ಹೆಚ್ಚು ಹೊರಳುವುದಿಲ್ಲ. ವಿರೂಪಾಕ್ಷ ದೇವಾಲಯದ ಮೂಡಣ ಬಾಗಿಲು ಮಾತ್ರ ನೀರಿನ ಕಡೆಗೇ ತೆರೆದಿದೆ. ಕಟ್ಟಿದವರಿಗೆ ಹೊಳೆಯ ಗೆಳೆತನ ಗೊತ್ತಿತ್ತು. ನಾವು ಬಂಡೆಯ ಮೇಲೆ ಒದ್ದೆ ಸೀರೆ ಹರವಿ, ಎಲೆ ಹಾಸಿ, ಮೊದಲ ತುತ್ತನ್ನು ಗಂಗವ್ವನಿಗೆ ಬಿಟ್ಟು ಕೂರುತ್ತೇವೆ. ಸಣ್ಣ ಮೀನುಗಳು ರೊಟ್ಟಿಯ ಚೂರಿಗೆ ಮುತ್ತಿಕೊಳ್ಳುತ್ತವೆ. ಊಟ ಮುಗಿಯುವಷ್ಟರಲ್ಲಿ ಮಕ್ಕಳ ಪಾದದ ಕೆಸರು ಒಣಗಿ, ಬೇಸಿಗೆಯ ಎರೆ ಹೊಲದಂತೆ ಬಿರುಕು ಬಿಟ್ಟಿರುತ್ತದೆ. ತೊಳೆಯಲು ಇಳಿದವರು ಮತ್ತೆ ಅರ್ಧ ಗಂಟೆ ಮೇಲೆ ಬರುವುದಿಲ್ಲ.