ಎನಿ ಕ್ವೆಶ್ಚನ್ಸ್?

ಬೆಳಿಗ್ಗೆ ಮಗಳು ಬ್ಯಾಗ್ ಹಾಕ್ಕೊಂಡು ಹೊರಟಿದ್ಲು, "ವೇರ್ ಯು ಆರ್ ಗೋಯಿಂಗ್?" ಅಂದೆ. ಎಲ್ಲಿಗೆ ಅಂತ ಹೇಳ್ಬೇಕು ತಾನೇ? ಚಪ್ಪಲಿ ಮೆಟ್ಕೊಳ್ತಾನೇ "ವೇರ್ ಆರ್ ಯು, ಅಪ್ಪಾ" ಅಂತ ತಿದ್ದಿ ಹೋಗೇಬಿಟ್ಲು. ದಿನಾ ಹತ್ತು ಪ್ರಶ್ನೆ ಇಂಗ್ಲಿಷಲ್ಲೇ ಕೇಳಿ ರೂಢಿ ಮಾಡ್ಕೋ ಅಂದಿದ್ದೂ ಇವಳೇ.

ಆರ್, ಈಸ್ ಹೇಗೋ ಹಿಂದೆಮುಂದೆ ಮಾಡ್ಬಹುದು. ಮೈ ಉರಿಯೋದು ಈ ಡಿಡ್ ಕಂಡ್ರೆ. ಸ್ವಂತ ಅರ್ಥ ಅಂತ ಏನೂ ಇಲ್ಲ, ಆದ್ರೂ ಬಂದು ಮುಂದಿನ ಸೀಟಲ್ಲೇ ಕೂತ್ಕೊಳ್ಳತ್ತೆ, ಕೂತಿದ್ದೇ ವೆಂಟ್ ಕೈಲಿದ್ದ ಭೂತಕಾಲ ಕಿತ್ಕೊಂಡು ಅದನ್ನ ಬರೀ ಗೋ ಮಾಡಿ ಕೂರಿಸತ್ತೆ. "ಡಿಡ್ ಯು ವೆಂಟ್" ಅಂದ್ರೆ ನಗ್ತಾರೆ. ಮುಗಿದಿದ್ದನ್ನ ಎರಡು ಸಲ ಮುಗಿಸಿದ್ರೆ ಇವರ ಗಂಟೇನು ಹೋಗತ್ತೆ? ಯಾರು ಬಂದ್ರು ಅನ್ನೋಕೆ ಮಾತ್ರ ಇದು ಬೇಡ್ವಂತೆ, "ಹೂ ಕೇಮ್" ಸಾಕಂತೆ! 1611ರ ಇಂಗ್ಲಿಷ್ ಬೈಬಲ್ಲಲ್ಲಿ ಯೇಸು ಪೇತ್ರನನ್ನ ಕೇಳೋದು "ಲವೆಸ್ಟ್ ದೌ ಮಿ" ಅಂತ, ಡೂ ಇಲ್ಲ ಡಸ್ ಇಲ್ಲ, ಕ್ರಿಯಾಪದಾನೇ ಎದ್ದು ಮುಂದೆ ಬಂದಿದೆ. ನಾನು ಕಲಿಯೋಕೆ ಕೂತಿದ್ದು ನಾನೂರು ವರ್ಷ ಲೇಟು.

ಒಂದ್ಸಲ ಮೀಟಿಂಗಲ್ಲಿ ಫೈಲ್ ಯಾವಾಗ ಕಳಿಸಿದ್ರಿ ಅಂತ ಕೇಳ್ಬೇಕಿತ್ತು, ಅಷ್ಟೇ. ವೆನ್ ಡಿಡ್ ಯು ಸೆಂಟ್ ಅಂತ ಡೈರಿ ಮೂಲೇಲಿ ಬರ್ಕೊಂಡೆ, ಅನುಮಾನ ಬಂತು, ಸೆಂಟ್ ಹೊಡೆದುಹಾಕಿ ಸೆಂಡ್ ಮಾಡ್ದೆ, ಆಗ ಡಿಡ್ ಮೇಲೇ ಅನುಮಾನ ಬಂತು, ಅದಕ್ಕೊಂದು ಗೆರೆ ಎಳೆದೆ, ಮತ್ತೆ ಮೇಲೆ ಸಣ್ಣದಾಗಿ ಬರೆದೆ, ಮನಸ್ಸಲ್ಲೇ ನಾಲ್ಕು ಸಲ ಅಂದುನೋಡಿ ಗಂಟಲು ಸರಿಮಾಡ್ಕೊಂಡು ತಲೆ ಎತ್ತಿದ್ರೆ ಅರ್ಧ ಜನ ಕುರ್ಚಿ ಸರಿಸ್ತಿದಾರೆ. ಬಾಸ್ ನನ್ನ ಕಡೆ ನೋಡಿ "ಎನಿ ಕ್ವೆಶ್ಚನ್ಸ್?" ಅಂದ್ರು. "ನೋ ಸರ್" ಅಂದೆ. ಬಾಗಿಲು ದಾಟಿದ್ಮೇಲೆ ಹೊಳೀತು, ಅವರ ಪ್ರಶ್ನೇಲಿ ಕ್ರಿಯಾಪದಾನೇ ಇರ್ಲಿಲ್ಲ! ಆ ಫೈಲ್ ಇವತ್ತಿನವರೆಗೂ ನನಗೆ ಸಿಕ್ಕಿಲ್ಲ.

ಕನ್ನಡದಲ್ಲಿ ಮಾತು ಶುರು ಮಾಡುವಾಗ ಹೇಳ್ತಿದೀನೋ ಕೇಳ್ತಿದೀನೋ ನನಗೇ ಗೊತ್ತಿರಬೇಕು ಅಂತಿಲ್ಲ. ಕೊನೇಲಿ ಒಂದು ಆ ಎಳೆದ್ರೆ ಆಯ್ತು. ಬೇಕಾದ್ರೆ ನೀನಾ ನಿನ್ನೆ ಬಂದಿದ್ದು, ನಿನ್ನೆನಾ ನೀನು ಬಂದಿದ್ದು, ಎಲ್ಲಿ ಅನುಮಾನವೋ ಅಲ್ಲೇ ಅಂಟಿಸು. ಇದರಿಂದ ಏನೋ ದೊಡ್ಡ ವಿಷಯ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ಬಾಗಿಲಲ್ಲಿ ಕೀ ಸದ್ದಾಯ್ತು.

"ವೇರ್ ಡಿಡ್ ಯು ಗೋ" ಅಂತ ಸಂಜೆಯಿಂದ ರೆಡಿ ಮಾಡಿಟ್ಕೊಂಡಿದ್ದೆ. ಬಾಯಿಂದ ಬಂದಿದ್ದು "ಈಗ ಬಂದ್ಯಾ?"

"ಹೂಂ" ಅಂದು ರೂಮಿಗೆ ಹೋದ್ಲು.